ಸ್ವರ್ಗದ ಮೋಡ, ಉಸಿರುಮನೆಯ ಕಾಳು

ಆ ಬೇಸಿಗೆಯಲ್ಲಿ ಹೊನ್ನಗುಂಡಿಯ ಜನ ಒಂದೇ ನಾಟಕವನ್ನು ಮೇಲಿಂದ ಮೇಲೆ ನೋಡಿದರು. ಆದರೆ ಅದರ ಕೊನೆ ಏನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊನ್ನಗುಂಡಿ ಎಂದರೆ ರಾಯಚೂರು ಸೀಮೆಯಲ್ಲಿ ಎಂದೋ ಮುಚ್ಚಿಹೋಗಿದ್ದ ಒಂದು ಚಿನ್ನದ ಗಣಿ. ಚಿನ್ನ ಮುಗಿದ ಮೇಲೆ ಅಲ್ಲಿ ಬಾವಲಿಗಳಷ್ಟೇ ಉಳಿದಿದ್ದವು. ಆಮೇಲೆ ಬೇಸಿಗೆಗಳು ಬದಲಾದವು. ಮಧ್ಯಾಹ್ನ ಹೊರಗೆ ನಿಂತವನು ಸಂಜೆಗೆ ಆಸ್ಪತ್ರೆ ಸೇರುವಂಥ ಬಿಸಿಲು ಬೀಳತೊಡಗಿದಾಗ ಸುತ್ತಲಿನ ಊರುಗಳವರು ಸೇರಿ ಆ ಗಣಿಯ ಮೇಲಿನ ಹಂತದ ಸುರಂಗಗಳನ್ನು ಅಗಲ ಮಾಡಿದರು. ಗೋಡೆಗೆ ಸುಣ್ಣ ಬಳಿದು, ನೆಲಕ್ಕೆ ಶಹಾಬಾದ್ ಕಲ್ಲು ಹಾಸಿ, ಓಣಿಗಳನ್ನು ಮಾಡಿಕೊಂಡು ಅಲ್ಲೇ ಒಂದು ಬೇಸಿಗೆಯ ಊರು ಕಟ್ಟಿಕೊಂಡರು. ಯುಗಾದಿಯ ಬೇವು ತಿಂದು ಕೆಳಗಿಳಿದರೆ ಜೂನಿನಲ್ಲಿ ಮಿರುಗದ ಮಳೆ ಬಿದ್ದ ಮೇಲೆಯೇ ಹತ್ತಿ ಬರುವುದು.

ಕೆಳಗೆ ತಂಪೇನೋ ಇತ್ತು. ತೊಂದರೆ ಗಾಳಿಯದು. ಮೇಲಿನ ಕುದಿಯುವ ಗಾಳಿಯನ್ನು ಒಳಗೆಳೆದು ದಿನವಿಡೀ ತಣ್ಣಗೆ ಮಾಡುವಷ್ಟು ವಿದ್ಯುತ್ತು ಊರಿನ ಸೌರ ಹೊಲದಲ್ಲಿ ಹುಟ್ಟುತ್ತಿರಲಿಲ್ಲ. ಹಾಗಾಗಿ ಒಳಗಿನ ತಂಪು ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಬೇಕು. ಜನ ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ಬೇರೆ ಮಾಡಿ, ಆಮ್ಲಜನಕ ಉಳಿದ ಗಾಳಿಯನ್ನು ಅವರಿಗೇ ವಾಪಸು ಕಳಿಸಬೇಕು. ಆ ಕೆಲಸ ನಡೆಯುವ ಜಾಗಕ್ಕೆ ಸರಕಾರಿ ಕಾಗದಗಳಲ್ಲಿ ಉದ್ದನೆಯ ಹೆಸರೊಂದಿತ್ತು. ಜನ ಮಾತ್ರ ಅದನ್ನು ಉಸಿರುಮನೆ ಎನ್ನುತ್ತಿದ್ದರು.

ಉಸಿರುಮನೆಯ ಎಂಜಿನಿಯರು ಮಹಾನಂದಾ ಹೂಗಾರ. ಶಾಲೆಯ ಮಕ್ಕಳು ನೋಡಲು ಬಂದರೆ ಅವಳು ಮೊದಲು ಅವರ ಅಂಗೈಗೆ ಒಂದಿಷ್ಟು ಕಾಳು ಸುರಿಯುತ್ತಿದ್ದಳು. ಜೋಳದ ಕಾಳಿನಷ್ಟು ದಪ್ಪ, ಮಾಸಲು ಬಿಳುಪು, ಹಿಸುಕಿದರೆ ಗಟ್ಟಿ. ಜಿಯೋಲೈಟ್ ಎಂಬ ಖನಿಜದಿಂದ ಮಾಡಿದ, ಅನಿಲವನ್ನು ಮೈಗೆ ಅಂಟಿಸಿಕೊಳ್ಳುವ ಅಧಿಶೋಷಕ ಅದು.

"ಇದರ ಮೈತುಂಬ ಕಣ್ಣಿಗೆ ಕಾಣದಂಥ ತೂತು ಅದಾವ. ಇದು ಅರಿವಿ ನೀರು ಕುಡದಂಗ ಗಾಳಿ ಕುಡಿಯಂಗಿಲ್ಲ. ಹೊಲದಾಗ ಅಡ್ಡಾಡಿ ಬಂದ್ರ ಸೀರಿ ಅಂಚಿಗೆ ಉತ್ತರಾಣಿ ಕಾಳು ಹತ್ಕೊಂಡು ಬರ್ತಾವಲ್ಲ, ಹಂಗ ನಾವು ಬಿಟ್ಟ ಕೆಟ್ಟ ಗಾಳಿ ಈ ತೂತಿನ ಗ್ವಾಡಿಗೆ ಹತ್ಕೊಂತೈತಿ. ಆಮ್ಲಜನಕ ಅಷ್ಟು ಹತ್ತಂಗಿಲ್ಲ, ಜಾರಿ ಮುಂದ ಹೋಗಿಬಿಡತೈತಿ."

ಕಾಳು ತುಂಬಿದ ಉಕ್ಕಿನ ಪೀಪಾಯಿಗಳು ಜೋಡಿಜೋಡಿಯಾಗಿ ನಿಂತಿರುತ್ತಿದ್ದವು. ಒಂದು ಪೀಪಾಯಿ ಊರಿನ ಗಾಳಿಯನ್ನು ತೊಳೆಯುವಾಗ ಇನ್ನೊಂದನ್ನು ಬಿಸಿ ಮಾಡುತ್ತಿದ್ದರು. ಬಿಸಿಯಾದ ಕಾಳು ಹಿಡಿದುಕೊಂಡದ್ದನ್ನೆಲ್ಲ ಬಿಟ್ಟುಕೊಡುತ್ತದೆ, ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಬಿಡಿಸಿಕೊಂಡ ಅನಿಲದಲ್ಲಿ ಒಂದು ಪಾಲು ದೀಪದ ಬೆಳಕಿನಲ್ಲಿ ತರಕಾರಿ ಬೆಳೆಯುವ ಸುರಂಗಕ್ಕೆ ಹೋಗುತ್ತಿತ್ತು. ಉಳಿದದ್ದನ್ನು ಒತ್ತಿ, ತಣಿಸಿ, ಬಿಳಿ ಇಟ್ಟಿಗೆ ಮಾಡಿ, ಮೀನು ಮತ್ತು ಔಷಧ ಕೆಡದಂತೆ ಇಡುವವರಿಗೆ ಲಾರಿಯಲ್ಲಿ ಕಳಿಸುತ್ತಿದ್ದರು.

ಆ ವರ್ಷ ಊರಿನವರು ಕೆಳಗಿಳಿಯುವಾಗ ಒಂದು ನಾಟಕ ಕಂಪನಿಯನ್ನೂ ಕರೆದುಕೊಂಡು ಬಂದಿದ್ದರು. ಹೆಸರು ತಂಗಾಳಿ ನಾಟ್ಯ ಸಂಘ. ಅದರ ಮಾಲೀಕ, ನಾಟಕಕಾರ, ಮುಖ್ಯ ನಟ ಎಲ್ಲ ಒಬ್ಬರೇ, ರಾಚಪ್ಪ ಮಾಸ್ತರು. ಅರವತ್ತು ದಾಟಿದ ಆಳು. ಮೈಕು ಇಲ್ಲದೆಯೂ ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಹಿಂದೆ ಅದಿರು ರಾಶಿ ಹಾಕುತ್ತಿದ್ದ ದೊಡ್ಡ ಗವಿಯಲ್ಲಿ ರಂಗ ಕಟ್ಟಿದರು. ಯಾರಿಗೂ ಕೆಲಸವಿರದ ಮಧ್ಯಾಹ್ನದ ಹೊತ್ತು ಆಟ. ನಾಟಕ, 'ಸ್ವರ್ಗಕ್ಕೆ ಹೋದ ಸಾವುಕಾರ'. ಸಾವುಕಾರನ ಪಾತ್ರ ಮಾಸ್ತರದೇ.

ಮೊದಲನೇ ಅಂಕದಲ್ಲಿ ನಗುವೋ ನಗು. ಹಟಮಾರಿ ಸಾವುಕಾರ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿ ಈರವ್ವನ ಜೊತೆ ಮಾತು ಬಿಡುತ್ತಾನೆ. ವರ್ಷಗಟ್ಟಲೆ ಬಿಟ್ಟೇ ಇರುತ್ತಾನೆ. ಅವಳು ದಿನಾ ಊಟಕ್ಕೆ ಕರೆಯುವುದು, ಇವನು ಓಗೊಡದೆ ಬಂದು ಕೂರುವುದು, ಹಾಗೇ ಒಂದು ದಿನ ಸತ್ತೂ ಹೋಗುತ್ತಾನೆ. ಎರಡನೇ ಅಂಕದಲ್ಲಿ ಸ್ವರ್ಗ. ಸ್ವರ್ಗ ಶುರುವಾದ ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರು ಆಕಳಿಸುತ್ತಿದ್ದರು. ಆಕಳಿಕೆ ಸಾಲಿನಿಂದ ಸಾಲಿಗೆ ಹಿಂದೆ ಸರಿಯುತ್ತಿತ್ತು. ಮೂರನೇ ಅಂಕಕ್ಕೆ ಪರದೆ ಎದ್ದಾಗ ಇಡೀ ಗವಿ ಗೊರಕೆ ಹೊಡೆಯುತ್ತಿತ್ತು.

ಮಹಾನಂದಾಳ ಅತ್ತೆ ಗೌರವ್ವ ಒಂದು ದಿನವೂ ಆಟ ತಪ್ಪಿಸಿದವಳಲ್ಲ. ಮುಂದಿನ ಸಾಲಿನ ಜಾಗ ಬಿಟ್ಟುಕೊಟ್ಟವಳೂ ಅಲ್ಲ. ಮನೆಗೆ ಬಂದಾಗ ಕೆನ್ನೆಯ ಮೇಲೆ ಪಕ್ಕದವಳ ಬಳೆಯ ಗುರುತು ಮೂಡಿರುತ್ತಿತ್ತು.

"ಅತ್ತಿ, ಕಡೀಕ ಏನಾತು ಇವತ್ತ?" ಮಹಾನಂದಾ ರೊಟ್ಟಿ ತಟ್ಟುತ್ತ ಕೇಳಿದಳು.

"ಏನಾಗತೈತಿ? ಸಾವುಕಾರ ಸ್ವರ್ಗಕ್ಕ ಹ್ವಾದ. ಅಂವನ ಹಿಂದ ನಾನೂ ಹ್ವಾದೆ. ಆಮ್ಯಾಲ ಶಂಕ್ರವ್ವ ಬಂದು ಎಬ್ಬಿಸಿದ್ಲು."

ಪಕ್ಕದ ಮನೆಯ ಶಂಕ್ರವ್ವ ಬಾಗಿಲಲ್ಲೇ ಇದ್ದಳು. "ಸಾವುಕಾರ ಮತ್ತ ಜೀವ ಹಿಡಕೊಂಡು ಬರ್ತಾನ. ನಂಗ ಗೊತ್ತೈತಿ" ಎಂದಳು.

"ಸತ್ತಾಂವ ಹೆಂಗ ಬರ್ತಾನ? ನೀ ನೋಡಿಯೇನ?"

"ನೀ ನೋಡಿಯೇನ?"

ಊರಿನ ಎಲ್ಲ ಓಣಿಗಳಲ್ಲೂ ಇದೇ ಜಗಳ. ಕಂಪನಿಯ ಹುಡುಗಿಯರನ್ನು ಕೇಳಿದರೆ, "ಮಾಸ್ತರ ಹೇಳಬ್ಯಾಡ ಅಂದಾರ್ರಿ, ಬಂದು ನೋಡ್ರಿ" ಎನ್ನುತ್ತಿದ್ದರು. ಊಟದ ಮೇಲೆ ಆಟ ಇಟ್ಟದ್ದೇ ತಪ್ಪು, ಜೋಳದ ರೊಟ್ಟಿ ಕಣ್ಣು ಎಳೆಯುತ್ತದೆ ಎಂದು ಜನ ಮಾತಾಡಿಕೊಂಡರು. ಮಾಸ್ತರು ಆಟವನ್ನು ಬೆಳಿಗ್ಗೆಗೆ ಬದಲಿಸಿದರು. ಬೆಳಿಗ್ಗೆ ಚೆನ್ನಾಗಿ ನಿದ್ದೆ ಮಾಡಿ ಎದ್ದವರೂ ಸ್ವರ್ಗದ ಹೊತ್ತಿಗೆ ತೂಕಡಿಸಿದರು. ಮಾಸ್ತರು ಮತ್ತೆ ಮಧ್ಯಾಹ್ನಕ್ಕೇ ಬಂದರು.

ಮಹಾನಂದಾ ನಾಟಕವನ್ನು ನೋಡಿರಲಿಲ್ಲ. ಊರೆಲ್ಲ ಆಟಕ್ಕೆ ಹೋಗುವ ಹೊತ್ತಿಗೆ ಉಸಿರುಮನೆಯಲ್ಲಿ ಅವಳ ಪಾಳಿ. ಅವಳ ಜೊತೆಗಿದ್ದವನು ಖಾದರಸಾಬ. ಪೀಪಾಯಿ ಕಾಯಿಸುವುದು, ಅನಿಲ ಒತ್ತಿ ಇಟ್ಟಿಗೆ ಮಾಡುವುದು ಅವನ ಕೆಲಸ. ಇಬ್ಬರೂ ದಿನಾ ಮಧ್ಯಾಹ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆಯನ್ನು ನೋಡುತ್ತ ಕೂರುತ್ತಿದ್ದರು. ನಾಟಕದ ಗವಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ತೋರಿಸುವ ಗೆರೆ ಅದು. ಊರಿನ ಬೇರೆಲ್ಲ ಗೆರೆಗಳೂ ಮಲಗಿದ ಹಾವಿನಂತೆ ನೆಟ್ಟಗಿದ್ದರೆ ಇದು ಮಾತ್ರ ಎರಡನೇ ಅಂಕದ ಹೊತ್ತಿಗೆ ಹೆಡೆ ಎತ್ತುತ್ತಿತ್ತು.

"ಕಾಳು ದಣಿದಾವ ಅನಸ್ತೈತಿ, ಅಕ್ಕಾರ" ಎಂದ ಖಾದರಸಾಬ.

ಅವಳಿಗೂ ಹಾಗೇ ಅನಿಸಿತ್ತು. ಕಾಳಿಗೆ ಇಂಗಾಲದ ಡೈಆಕ್ಸೈಡ್‌ಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ಒದ್ದೆ ಗಾಳಿ ಬಂದರೆ ತೂತುಗಳನ್ನೆಲ್ಲ ನೀರೇ ತುಂಬಿಕೊಂಡು ಬಿಡುತ್ತದೆ, ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಅದಕ್ಕೇ ಗಾಳಿಯನ್ನು ಮೊದಲು ಒಣಗಿಸಿ ಆಮೇಲೆ ಕಾಳಿಗೆ ಕೊಡುತ್ತಾರೆ. ಒಣಗಿಸುವ ಕಡೆ ಏನೋ ಕೆಟ್ಟಿರಬೇಕು ಎಂದುಕೊಂಡು ಮಹಾನಂದಾ ಗವಿಯ ಗಾಳಿ ತೊಳೆಯುವ ಪೀಪಾಯಿಯಿಂದ ಒಂದು ಬೊಗಸೆ ಕಾಳು ತೆಗೆದಳು. ಗಾಜಿನ ಕೊಳವೆಗೆ ತುಂಬಿ, ಒಂದು ಬದಿಯಿಂದ ಇಂಗಾಲದ ಡೈಆಕ್ಸೈಡ್, ಆಮ್ಲಜನಕ ಎರಡನ್ನೂ ಬೆರೆಸಿ ಬಿಟ್ಟಳು. ಇನ್ನೊಂದು ಬದಿಯಿಂದ ಬಂದದ್ದು ಅಪ್ಪಟ ಆಮ್ಲಜನಕ. ಕಾಳು ಒಣಗಿದ್ದವು, ಹಸಿದಿದ್ದವು, ಹೊಸ ಕಾಳಿನಂತೆಯೇ ದುಡಿಯುತ್ತಿದ್ದವು.

ಅದು ಅವಳನ್ನು ಇನ್ನಷ್ಟು ಹೆದರಿಸಿತು. ಕೆಟ್ಟದ್ದು ಸಿಕ್ಕಿದ್ದರೆ ಸರಿ ಮಾಡಬಹುದಿತ್ತು. ಎಲ್ಲ ಸರಿ ಇದ್ದೂ ಗೆರೆ ಏರುತ್ತಿದೆ ಎಂದರೆ ನಾಳೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರಿಗೆ ಗೊತ್ತು? ಇವತ್ತು ನಿದ್ದೆ ಹತ್ತುತ್ತಿದೆ. ಇನ್ನೊಂದಿಷ್ಟು ಏರಿದರೆ ತಲೆನೋವು, ಏದುಸಿರು. ಅದರ ಮೇಲೆ ಏರಿದರೆ ಮಲಗಿದವರು ಏಳುವುದಿಲ್ಲ. ಅವಳು ಗವಿಗೆ ಬೀಗ ಹಾಕಿಸಿದಳು. ಕಾರಣ ತಿಳಿಯುವವರೆಗೆ ಆಟ ಬಂದ್ ಎಂದು ಓಣಿ ಓಣಿಗೆ ಹೇಳಿಕಳಿಸಿದಳು.

ಮನೆಗೆ ಬಂದರೆ ಗೌರವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಸ್ವಂತ ಸೊಸಿ ನಾಟಕ ಬಂದ್ ಮಾಡಿಸ್ಯಾಳ. ನಾ ಯಾವ ಮಾರಿ ಹೊತ್ಕೊಂಡು ನಳಕ್ಕ ಹೋಗ್ಲಿ?"

"ಅತ್ತಿ, ಅಲ್ಲಿ ಗಾಳಿ ಸರಿ ಇಲ್ಲ. ನೀವು ನಿದ್ದಿ ಮಾಡೂದು ರೊಟ್ಟಿಗಲ್ಲ. ಗಾಳಿಗಿ."

"ಹಂಗಾರ ಗಾಳಿ ಸರಿ ಮಾಡು. ಅದನ ಅಲ್ಲೇನು ನಿನ್ನ ಕೆಲಸ?"

ಮಹಾನಂದಾ ತಾಟು ಹಾಕಿಕೊಂಡು ಕೂತಳು. ಗಂಡ ಮೇಲಿನ ಸೌರ ಹೊಲದಲ್ಲಿ ರಾತ್ರಿ ಪಾಳಿಯ ಮೇಲಿದ್ದ. ಇದ್ದಿದ್ದರೂ ತಾಯಿಯ ಪಕ್ಷವೇ ವಹಿಸುತ್ತಿದ್ದ. ಅವಳು ಉಂಡು ಎದ್ದಳು. ಆ ದಿನ ಶೇಂಗಾ ಚಟ್ನಿಯ ಡಬ್ಬಿ ಅವಳ ಕಡೆಗೆ ಸರಿಯಲೇ ಇಲ್ಲ.

ಮರುದಿನ ರಾಚಪ್ಪ ಮಾಸ್ತರು ಉಸಿರುಮನೆಗೇ ಬಂದರು. ಜಗಳಕ್ಕೆ ಬಂದರೆಂದು ಖಾದರಸಾಬ ಎದ್ದು ನಿಂತ. ಮಾಸ್ತರು ಕೈಮುಗಿದು, ಹೆಗಲ ಮೇಲಿನ ಶಲ್ಯದಿಂದ ಕುರ್ಚಿ ಒರೆಸಿ ಕೂತರು.

"ಬಾಯಾರ, ಆಟ ನಿಲ್ಲಿಸಿದ್ದು ಚಲೋನ ಆತು. ನನಗ ಬೇಕಾಗಿದ್ದೂ ಅದನ."

ಮಹಾನಂದಾಳಿಗೆ ಅರ್ಥವಾಗಲಿಲ್ಲ. "ಹಂಗ್ಯಾಕ ಅಂತೀರಿ?"

"ನನ್ನ ಉಸಿರು ಹೋತವ್ವ." ಅವರು ಎದೆ ಮುಟ್ಟಿಕೊಂಡರು. "ನಾಟಕದ ಕಡೀಕ ಒಂದು ಹಾಡೈತಿ. ಹಾಡೇನು, ಒಂದ ಮಾತು. ಅದನ್ನ ಒಂದ ಉಸಿರಿನ್ಯಾಗ ಹಿಡೀಬೇಕು. ಮೂವತ್ತು ವರ್ಷ ಹಿಡದೀನಿ. ಈ ಸಲ ಇಲ್ಲಿ ಬಂದ ಮ್ಯಾಲ ಅರ್ಧಕ್ಕ ಕಡಕೊಂತೈತಿ. ಕಣ್ಣಿಗಿ ಕತ್ತಲಿ ಬರತೈತಿ. ಮುಂದ ನೋಡಿದ್ರ ಮಂದಿ ಮಲಗ್ಯಾರ. ಮಲಗಿದ್ದು ಒಂದ್ ಲೆಕ್ಕಕ್ಕ ಚಲೋನ, ನನ್ನ ಸೋಲು ಯಾರೂ ನೋಡಲಿಲ್ಲ." ನಗಲು ನೋಡಿದರು, ನಗು ಬರಲಿಲ್ಲ. "ಒಂದ ಆಟ ಆಡಾಕ ಬಿಡ್ರಿ. ಕಡೀ ಆಟ. ಆಮ್ಯಾಲ ಬಣ್ಣ ಹಚ್ಚಂಗಿಲ್ಲ ಅಂತ ನಿಂತು ಹೇಳಿ ಹೋಗ್ತೀನಿ. ಸುಮ್ನ ಬಾಗಲಾ ಹಾಕಿಸ್ಕೊಂಡು ಹೋದ್ರ ಮನಸಿಗೆ ಸಮಾಧಾನ ಆಗಂಗಿಲ್ಲ."

ಮಹಾನಂದಾ ಗೆರೆಯ ಕಡೆ ನೋಡಿದಳು, ಅವರ ಮುಖ ನೋಡಿದಳು. ಅವಳ ತಲೆಯಲ್ಲಿ ಒಂದು ಲೆಕ್ಕ ಓಡಿತು. ತಪ್ಪು ಜನಸಂದಣಿಯದೇ ಆಗಿದ್ದರೆ ಅರ್ಧ ಜನರನ್ನು ಬಿಟ್ಟಾಗ ಗೆರೆ ಅರ್ಧಕ್ಕೇ ನಿಲ್ಲಬೇಕು. ಪರೀಕ್ಷೆ ಮಾಡಲು ಒಂದು ಆಟ ಬೇಕೇ ಬೇಕು.

"ಅರ್ಧ ಮಂದೀನ ಬಿಡ್ತೀನಿ. ನಾನೂ ಅಲ್ಲೇ ಇರ್ತೀನಿ. ನಿಲ್ಲಿಸಂದ್ರ ನಿಲ್ಲಿಸಬೇಕು" ಎಂದಳು.

"ನಿಮ್ಮ ಮಾತು ಮೀರಂಗಿಲ್ಲ."

ಹೋಗುವಾಗ ಮಾಸ್ತರು ಖಾದರಸಾಬನ ಕಿವಿಯಲ್ಲಿ ಏನೋ ಹೇಳಿದರು. ಅವನು ತಲೆಯಾಡಿಸಿದ.

ಆಟದ ದಿನ ಮಹಾನಂದಾ ಕೈಯಲ್ಲಿ ಹಿಡಿಯುವ ಅಳತೆಯ ಯಂತ್ರ ಹಿಡಿದು, ಹೆಗಲಿಗೆ ಉಸಿರುಚೀಲ ಹಾಕಿಕೊಂಡು ರಂಗದ ಪಕ್ಕದಲ್ಲಿ ನಿಂತಳು. ಉಸಿರುಚೀಲ ಎಂದರೆ ಅಪಾಯದ ಹೊತ್ತಿಗೆ ಇಟ್ಟುಕೊಂಡ ಸಣ್ಣ ಉಪಕರಣ. ಮುಖಕ್ಕೆ ಹಾಕುವ ಮುಸುಕು, ಕಾಳಿನ ಡಬ್ಬಿ, ಆಮ್ಲಜನಕದ ಪುಟ್ಟ ಸಿಲಿಂಡರು. ಬಿಟ್ಟ ಉಸಿರು ಕಾಳಿನ ಮೂಲಕ ಹಾದು ಶುದ್ಧವಾಗಿ ಅದೇ ಮೂಗಿಗೆ ತಿರುಗಿ ಬರುತ್ತದೆ.

ಗವಿ ಅರ್ಧ ತುಂಬಿತ್ತು. ಗೌರವ್ವ ಎಂದಿನಂತೆ ಮುಂದಿನ ಸಾಲಿನಲ್ಲಿದ್ದಳು. ಸೊಸೆಯನ್ನು ನೋಡಿಯೂ ನೋಡದಂತೆ ಸೆರಗು ಸರಿಮಾಡಿಕೊಂಡಳು. ಮೊದಲನೇ ಅಂಕ ಮುಗಿಯುವಾಗ ಯಂತ್ರದ ಮುಳ್ಳು ಅವಳ ಲೆಕ್ಕದಂತೆಯೇ ಕೆಳಗಿತ್ತು. ಮಹಾನಂದಾಳಿಗೆ ಸಮಾಧಾನವಾಯಿತು. ಜನ ಕಡಿಮೆ, ಗಾಳಿ ಸರಿ. ಇಷ್ಟೇ ಜನರನ್ನು ಬಿಟ್ಟರೆ ಆಟ ನಡೆಸಬಹುದು.

ಎರಡನೇ ಅಂಕಕ್ಕೆ ಪರದೆ ಎದ್ದಿತು. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು.

ರಂಗದ ತುಂಬ ಮೋಡ. ಮೊಣಕಾಲಿನವರೆಗೆ ಬೆಳ್ಳಗೆ, ಹಾಲು ಉಕ್ಕಿದಂತೆ ಉರುಳಿ ಬರುತ್ತಿತ್ತು. ರಂಗದ ಅಂಚಿನಿಂದ ಧುಮುಕಿ ಮುಂದಿನ ಸಾಲಿನವರ ಪಾದ ಮುಚ್ಚುತ್ತಿತ್ತು. ಜನ ಚಪ್ಪಾಳೆ ಹೊಡೆದರು. ಮೋಡದ ನಡುವೆ ಸತ್ತ ಸಾವುಕಾರ ಅಂಗಾತ ಮಲಗಿದ್ದ, ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಸುತ್ತ ನಾಲ್ವರು ಅಪ್ಸರೆಯರು ಹಾಡುತ್ತ ಕುಣಿಯುತ್ತಿದ್ದರು. ಹಾಡು ಮುಗಿದೊಡನೆ ಸಾವುಕಾರ ಕಣ್ಣುಜ್ಜಿಕೊಂಡು ಎದ್ದು, "ಚಹಾ ತಗೊಂಬರ್ರಿ" ಎನ್ನಬೇಕು.

ಹಾಡು ಮುಗಿಯಿತು. ಸಾವುಕಾರ ಏಳಲಿಲ್ಲ.

ಅಪ್ಸರೆಯರು ಒಬ್ಬರ ಮುಖ ಒಬ್ಬರು ನೋಡಿ ಹಾಡನ್ನು ಮತ್ತೆ ಎತ್ತಿಕೊಂಡರು. ಹಿಂದಿನ ಸಾಲಿನಿಂದ ಯಾರೋ, "ಏನ್ ಮಸ್ತ್ ಮಲಗ್ಯಾನಪಾ! ಒನ್ಸ್ ಮೋರ್!" ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಗೌರವ್ವನ ತಲೆ ಶಂಕ್ರವ್ವನ ಹೆಗಲಿಗೆ ಒರಗಿತ್ತು.

ಮಹಾನಂದಾ ಯಂತ್ರ ನೋಡಿದಳು. ಮುಳ್ಳು ಏರುತ್ತಿತ್ತು. ಕೂತು, ಯಂತ್ರವನ್ನು ಮೋಡದೊಳಗೆ ಹಿಡಿದಳು. ಮುಳ್ಳು ಕೊನೆಗೆ ಹೋಗಿ ಬಡಿದು ನಿಂತಿತು, ಯಂತ್ರ ಕಿರುಚಿಕೊಂಡಿತು.

ಅವಳು ಉಸಿರು ಬಿಗಿಹಿಡಿದು ರಂಗಕ್ಕೆ ಹಾರಿದಳು. "ಎತ್ರಿ ಅವ್ರನ್ನ! ಮ್ಯಾಲೆತ್ರಿ!" ಅಪ್ಸರೆಯರು ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ಇಬ್ಬರು ತೋಳು, ಇಬ್ಬರು ಕಾಲು ಹಿಡಿದು ಮಾಸ್ತರನ್ನು ಇಂದ್ರನ ಸಿಂಹಾಸನದ ಮೇಲೆ ಎತ್ತಿ ಹಾಕಿದರು. ಬಣ್ಣದ ಕೆಳಗೂ ಮುಖ ನೀಲಿಗಟ್ಟಿದ್ದು ಕಾಣುತ್ತಿತ್ತು. ಮಹಾನಂದಾ ಮುಸುಕು ಹಾಕಿ ಸಿಲಿಂಡರಿನ ತಿರುಪು ಬಿಟ್ಟಳು. ಇದೂ ನಾಟಕವೆಂದೇ ತಿಳಿದ ಜನ ಎಂಜಿನಿಯರಿಗೂ ಚಪ್ಪಾಳೆ ತಟ್ಟಿದರು.

"ಎಲ್ಲಾರೂ ಏಳ್ರಿ! ಮಲಗಿದವ್ರನ್ನ ಎಬ್ಬಿಸಿ ಹೊರಗ ನಡೀರಿ!" ಅವಳ ದನಿ ಕೇಳಿದ ಮೇಲೆ ಚಪ್ಪಾಳೆ ನಿಂತಿತು. ಶಂಕ್ರವ್ವ ತಾನೂ ತೂಗಾಡುತ್ತ ಗೌರವ್ವನನ್ನು ಎಳೆದುಕೊಂಡು ಹೊರಟಳು. ಜನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ಒಬ್ಬರನ್ನೊಬ್ಬರು ತಳ್ಳದೆ ಓಣಿಗೆ ನಡೆದರು.

ಸಿಂಹಾಸನದ ಮೇಲೆ ಮಾಸ್ತರ ಎದೆ ಏರಿ ಇಳಿಯಿತು. ಇನ್ನೊಮ್ಮೆ ಏರಿತು. ಕಣ್ಣು ಬಿಟ್ಟು, ಮುಸುಕಿನೊಳಗಿನಿಂದಲೇ, "ಚಹಾ ತಗೊಂಬರ್ರಿ" ಎಂದರು.

ಅಪ್ಸರೆಯರು ಅಳುತ್ತ ನಕ್ಕರು. ಮಹಾನಂದಾ ಮಾಸ್ತರ ತೋಳು ಹಿಡಿದು ಎಬ್ಬಿಸಿದಳು.

ಮಾಸ್ತರನ್ನು ಹೊರಗೆ ಓಣಿಯ ಕಟ್ಟೆಯ ಮೇಲೆ ಕೂರಿಸಿದ ಮೇಲೆ ಅವಳು ಕೇಳಿದಳು: "ಆ ಮೋಡ ಎಲ್ಲಿಂದ ಬಂತ್ರಿ?"

"ಬರ್ಫದ್ದವ್ವ. ಖಾದರಸಾಬರು ಕೊಡ್ತಾರ. ಬಿಸಿನೀರಿನ್ಯಾಗ ಹಾಕಿದ್ರ ಹಂಗ ಮೋಡ ಏಳತೈತಿ. ದಿನಾ ಒಂದೆರಡು ತುಂಡು ಹಾಕ್ತಿದ್ವಿ. ಇವತ್ತ ಕಡೀ ಆಟ ಅಲ್ಲೇನು, ಅವ್ರ ಕಡೆ ಹೆಚ್ಚಿಗೆ ಕೇಳಿ ತರಿಸಿದ್ದೆ, ಇದ್ದಿದ್ದೆಲ್ಲಾ ಸುರುವ್ರಿ ಅಂದೆ."

ಓಡಿ ಬಂದಿದ್ದ ಖಾದರಸಾಬ ಅಲ್ಲೇ ನಿಂತಿದ್ದ. ಅವನ ಮುಖ ಸುಣ್ಣದ ಗೋಡೆಯಂತಾಯಿತು. "ಅಕ್ಕಾರ, ಸರಬತ್ತು ತಂಪ ಇಡಾಕ ಅಂತ ತಿಳದಿದ್ದೆ. ಅಲ್ಲಾನ ಆಣಿ. ಅದನ್ನ ನೀರಾಗ ಹಾಕ್ತಾರ ಅಂತ ಕನಸಿನ್ಯಾಗೂ ಅನಕೊಂಡಿದ್ದಿಲ್ಲ."

ಮಹಾನಂದಾ ಕಟ್ಟೆಯ ಮೇಲೆ ಕೂತಳು. ದಿನವಿಡೀ ಇಡೀ ಊರಿನ ಉಸಿರನ್ನು ಸೋಸಿ, ಕಾಳಿಗೆ ಅಂಟಿಸಿ, ಬಿಡಿಸಿ, ಇಟ್ಟಿಗೆ ಮಾಡುವುದು. ಆ ಇಟ್ಟಿಗೆಯನ್ನೇ ತಂದು ಮಧ್ಯಾಹ್ನ ಅದೇ ಜನರ ಕಾಲಬುಡದಲ್ಲಿ ಕರಗಿಸುವುದು. ಮೊದಲು ಅವಳಿಗೆ ಸಿಟ್ಟು ಬಂತು. ಆಮೇಲೆ ಹೊಟ್ಟೆಯಿಂದ ನಗು ಎದ್ದಿತು, ತಡೆಯಲಾಗಲಿಲ್ಲ.

"ಮಾಸ್ತರ, ಅದು ಬರ್ಫ ಅಲ್ರಿ. ಅದು ನಿಮ್ಮ ಉಸಿರು. ನಂದು, ನಮ್ಮ ಅತ್ತೀದು, ಎಲ್ಲಾರದೂ. ನಾವು ಹಿಡದು ಕಟ್ಟಿ ಇಟ್ಟಿದ್ದನ್ನ ನೀವು ದಿನಾ ಬಿಚ್ಚಿ ಬಿಡಾಕತ್ತೀರಿ. ಅದು ಗಾಳಿಗಿಂತ ಭಾರ, ನೆಲಕ್ಕ ಕೂಡತೈತಿ. ನೀವು ಅದರಾಗ ಮಲಗ್ತೀರಿ, ಮುಂದಿನ ಸಾಲಿನವ್ರು ಅದರಾಗ ಕೂಡ್ತಾರ."

ಮಾಸ್ತರು ಮತ್ತೆ ಎದೆ ಮುಟ್ಟಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಅಂದ್ರ… ನನ್ನ ಉಸಿರು ಹೋಗಿಲ್ಲೇನು?"

"ಹೋಗಿಲ್ರಿ. ಆ ಮೋಡದಾಗ ಮಲಗಿ ಎದ್ದು ಯಾರು ಹಾಡಿದ್ರೂ ಕಡಕೊಂತೈತಿ."

ಮಾಸ್ತರು ಎದ್ದು ನಿಂತು, ಕಾಲು ಅಗಲಿಸಿ, ಅಲ್ಲೇ ಓಣಿಯಲ್ಲಿ ದೀರ್ಘವಾಗಿ ಉಸಿರೆಳೆದುಕೊಂಡರು. ಏನೋ ನೆನಪಾದಂತೆ ಬಾಯಿ ಮುಚ್ಚಿ ಸುಮ್ಮನಾದರು. ಸುತ್ತ ಜನ ಇದ್ದರು. ಕೊನೆಯ ಹಾಡನ್ನು ಕಟ್ಟೆಯ ಮೇಲೆ ಪುಕ್ಕಟೆ ಕೇಳಿಸಲು ಅವರು ತಯಾರಿರಲಿಲ್ಲ.

"ಎಲ್ಲಾ ಖರೆ ತಂಗೀ" ಎಂದರು ಹೊರಡುವಾಗ. "ಆದ್ರ ಮೋಡ ಇಲ್ಲದ ಸ್ವರ್ಗ ಯಾರು ನಂಬ್ತಾರ?"

ಅದಕ್ಕೆ ದಾರಿ ಹುಡುಕಿದವಳು ಗೌರವ್ವ. ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದು ಮಲಗಿದ್ದವಳು ಸಂಗತಿ ಕೇಳಿ ಎದ್ದು ಕೂತಳು. "ನಮ್ಮ ಸೀಮ್ಯಾಗ ಹತ್ತಿಗೆ ಬರ ಐತೇನು?" ಮರುದಿನ ಓಣಿಯ ಹೆಂಗಸರು ತಮ್ಮ ತಮ್ಮ ಗಾದಿಗಳ ಹೊಲಿಗೆ ಬಿಚ್ಚಿದರು. ಹಳೆಯ ಅರಳೆಯನ್ನು ಹಿಂಜಿ, ಬಡಿದು, ಬುಟ್ಟಿ ಬುಟ್ಟಿ ಹೊತ್ತು ಗವಿಗೆ ತಂದರು. ರಂಗದ ಮೇಲೆ ಹರವಿದಾಗ ಸ್ವರ್ಗ ಮೊದಲಿಗಿಂತ ಮೆತ್ತಗಿತ್ತು. ಅಪ್ಸರೆಯರಿಗೆ ಸೀನು ಬರುತ್ತಿತ್ತು, ಅಷ್ಟೇ ತೊಂದರೆ. ಮಹಾನಂದಾ ಮತ್ತು ಖಾದರಸಾಬ ಅಷ್ಟರಲ್ಲಿ ಗವಿಯ ಗಾಳಿಯನ್ನೆಲ್ಲ ಕಾಳಿನ ಮೂಲಕ ಹಾಯಿಸಿ, ಮೂಲೆ ಮೂಲೆಗೆ ಯಂತ್ರ ಹಿಡಿದು ನೋಡಿದರು. ಗೆರೆ ನೆಟ್ಟಗೆ ಮಲಗಿತು. ಬೀಗ ತೆಗೆದರು. ಗವಿಯ ಪೀಪಾಯಿಗಳು ಸಂಭಾಳಿಸುವಷ್ಟು ಜನರನ್ನು ಬಿಡುವುದೆಂದಾಯಿತು. ಅಂದರೆ ಊರು ಹೆಚ್ಚುಕಡಿಮೆ ಪೂರ್ತಿ ಬಂತು.

"ನೀವು ಹೋಗ್ರಿ ಅಕ್ಕಾರ, ಗೆರಿ ನಾ ನೋಡ್ತೀನಿ" ಎಂದ ಖಾದರಸಾಬ. ಮಹಾನಂದಾ ಮೊದಲ ಸಲ ಅತ್ತೆಯ ಪಕ್ಕದಲ್ಲಿ, ಮುಂದಿನ ಸಾಲಿನಲ್ಲಿ ಕೂತಳು.

ಎರಡನೇ ಅಂಕದಲ್ಲಿ ಯಾರೂ ಆಕಳಿಸಲಿಲ್ಲ. ಮಕ್ಕಳು ಕೂಡ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿದ್ದರು. ಸ್ವರ್ಗದಲ್ಲಿ ಸಾವುಕಾರನಿಗೆ ಎಲ್ಲವೂ ಸಿಕ್ಕಿತು, ಯಾವುದೂ ರುಚಿಸಲಿಲ್ಲ. ಅಲ್ಲಿನ ಅಡುಗೆಯಲ್ಲಿ ಉಪ್ಪು ಯಾವತ್ತೂ ಸರಿಯಾಗಿಯೇ ಇರುತ್ತಿತ್ತು. ಒಮ್ಮೆ ಮನೆಗೆ ಹೋಗಿ ಬರುತ್ತೇನೆಂದು ಅವನು ಹಟ ಹಿಡಿದ. ಇಂದ್ರ ಒಪ್ಪಿದ, ಒಂದು ಷರತ್ತು ಹಾಕಿ: ಒಂದೇ ಒಂದು ಉಸಿರಿನಷ್ಟು ಹೊತ್ತು. ಆ ಉಸಿರು ತೀರಿದೊಡನೆ ವಾಪಸು.

ಮೂರನೇ ಅಂಕದ ಪರದೆ ಎದ್ದಿತು. ಈ ಊರ ಮಟ್ಟಿಗೆ ಮೊದಲ ಸಲ.

ಮನೆ. ಒಲೆಯ ಮುಂದೆ ಈರವ್ವ, ಜನರಿಗೆ ಬೆನ್ನು ಮಾಡಿ ಕೂತಿದ್ದಾಳೆ. ಬಾಗಿಲಲ್ಲಿ ಸಾವುಕಾರ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಅಷ್ಟರಲ್ಲಿ ಈರವ್ವ, ಯಾರೂ ಇಲ್ಲದ ಮನೆಯಲ್ಲಿ, ರೂಢಿಯಂತೆ ಕರೆಯುತ್ತಾಳೆ: "ಊಟಕ್ಕ ಬರ್ರಿ."

ಸಾವುಕಾರನಿಗೆ ಕಲಿತದ್ದೆಲ್ಲ ಮರೆತುಹೋಯಿತು. ಎದೆ ತುಂಬ ಉಸಿರೆಳೆದುಕೊಂಡ.

"ಬಂದೇ…"

ಒಂದೇ ಮಾತು. ರಾಚಪ್ಪ ಮಾಸ್ತರು ಅದನ್ನು ಕೆಳಗಿನಿಂದ ಎತ್ತಿ, ಮೆಲ್ಲಗೆ ಮೇಲಕ್ಕೆ ಒಯ್ದರು. ಅಲ್ಲಿ ನಿಲ್ಲಿಸಿದರು. ದನಿ ನಡುಗಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಇನ್ನೊಂದು ಮೆಟ್ಟಿಲು ಹತ್ತಿತು. ವರ್ಷಗಟ್ಟಲೆ ಓಗೊಡದೆ ಉಳಿದ ಅಷ್ಟೂ ಕರೆಗಳಿಗೆ ಒಟ್ಟಿಗೆ ಓಗೊಟ್ಟಂತೆ ಅದು ಗವಿಯ ಕಲ್ಲಿಗೆ ತಾಗಿ ತುಂಬಿಕೊಂಡಿತು. ದೀಪ ಆರುತ್ತ ಬಂತು. ದನಿ ದಾರದಷ್ಟು ಸಣ್ಣದಾಗಿ, ಕತ್ತಲಾದ ಮೇಲೂ ಸ್ವಲ್ಪ ಇದ್ದು, ನಿಂತಿತು. ಈರವ್ವ ತಿರುಗಲೇ ಇಲ್ಲ. ಪರದೆ.

ಆಮೇಲೆ ಎದ್ದ ಚಪ್ಪಾಳೆಗೆ ಸ್ವರ್ಗದ ಅರಳೆ ಹಾರಾಡಿತು. ಖಾದರಸಾಬ ಫೋನಿನಲ್ಲಿ ಕೂಗುತ್ತಿದ್ದ: "ಅಕ್ಕಾರ, ಏನಾತ್ರಿ ಅಲ್ಲಿ? ಏರಾಕತ್ತಿದ್ದ ಗೆರಿ ನಡುವ ಒಂದೀಟು ನಿಂತಬಿಡ್ತು! ಮಂದಿ ಉಸಿರಾಡೂದು ಬಿಟ್ಟಿದ್ರೇನು?" ಅಷ್ಟು ಸೂಕ್ಷ್ಮ ತಿಳಿಯುವ ಯಂತ್ರ ಅದಲ್ಲವೆಂದು ಮಹಾನಂದಾಳಿಗೆ ಗೊತ್ತಿತ್ತು. "ಹೌದು, ಬಿಟ್ಟಿದ್ವಿ" ಎಂದಳು.

ತಿರುಗಿ ನೋಡಿದರೆ ಗೌರವ್ವನ ಕುರ್ಚಿ ಖಾಲಿ. ಅವಳು ಆಗಲೇ ಪರದೆ ಸರಿಸಿ ರಂಗದ ಹಿಂದೆ ಹೋಗಿದ್ದಳು. ಮಹಾನಂದಾ ಹಿಂದೆಯೇ ಓಡಿದಳು. ಮಾಸ್ತರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು, ಮುಖದ ತುಂಬ ನಗು.

"ಮಾಸ್ತರ, ಇದೇನ್ರೀ ಅನ್ಯಾಯ?" ಗೌರವ್ವ ಸೊಂಟದ ಮೇಲೆ ಕೈಯಿಟ್ಟಿದ್ದಳು. "ಅಂವ ಸ್ವರ್ಗಾ ಬಿಟ್ಟು ಬಂದಾನ. ಅಕಿ ಹೊಳ್ಳಿ ನೋಡಬಾರದೇನು?"

"ಅದು ಹಂಗ ಬರದದ್ದವ್ವ" ಎಂದರು ಮಾಸ್ತರು. "ಸತ್ತಾಂವ ಕಾಣಂಗಿಲ್ಲ. ದನಿ ಕೇಳಂಗಿಲ್ಲ. ಅದಕ್ಕ ಮಂದಿ ಕಣ್ಣಾಗ ನೀರು ಬರತೈತಿ."

"ನನ್ನ ಗಂಡ ಹೋಗಿ ಒಂಬತ್ತು ವರ್ಷ ಆತು." ಗೌರವ್ವನ ದನಿ ತಗ್ಗಿತು. "ನಾನೂ ಒಮ್ಮೊಮ್ಮೆ ಮರತು ಕರೀತೀನಿ. ಬಾಗಲದಾಗ ಇಷ್ಟು ಸಪ್ಪಳಾದ್ರ ಸಾಕು, ನಾ ಹೊಳ್ಳಿ ನೋಡ್ತೀನಿ. ಯಾರೂ ಇರಂಗಿಲ್ಲ, ಗೊತ್ತೈತಿ. ಆದ್ರೂ ನೋಡ್ತೀನಿ. ನೋಡದ ಇರೂ ಹೆಂಗಸು ಎಲ್ಲಿದಾಳ್ರಿ?"

ಮಾಸ್ತರ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. ಮೂವತ್ತು ವರ್ಷ ಊರೂರಿನಲ್ಲಿ ಆಡಿದ ನಾಟಕ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಹಾನಂದಾ ಅತ್ತೆಯ ಬೆನ್ನಿನ ಮೇಲೆ ಕೈಯಿಟ್ಟಳು, ಗೌರವ್ವ ಆ ಕೈಯನ್ನು ಹಿಡಿದುಕೊಂಡಳು. ಈರವ್ವನ ಪಾತ್ರದ ಹುಡುಗಿ ನೆತ್ತಿಯ ಮೇಲಿನ ಬಿಳಿ ಬಣ್ಣ ತೊಳೆಯುವುದನ್ನು ಬಿಟ್ಟು ಮಾಸ್ತರನ್ನೇ ನೋಡುತ್ತಿದ್ದಳು.

ಮಾಸ್ತರು ಕೊನೆಗೆ ಆ ಹುಡುಗಿಯ ಕಡೆ ತಿರುಗಿ, "ನಾಳಿಗೆ ದೀಪ ಆರೂಕಿಂತ ಮೊದಲ ಹೊಳ್ಳವಾ" ಎಂದರು.

ಸುದ್ದಿ ಓಣಿಗಳಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಮರುದಿನದ ಆಟಕ್ಕೆ ಜನ ಉಂಡ ಕೈ ತೊಳೆಯುವ ಮೊದಲೇ ಬಂದು ಸಾಲು ನಿಂತರು. ಮೂರನೇ ಅಂಕದಲ್ಲಿ, ಮಾಸ್ತರ ದನಿ ಇನ್ನೂ ಮೇಲಿರುವಾಗಲೇ, ಈರವ್ವ ಹೊರಳಿ ನೋಡಿದಳು.